ಸಣ್ಣ ಉರಿಯ ಮಡಕೆ: ಬೆಂಗಳೂರಿನ ದನದ ಮಾಂಸದ ಪಾಕಕ್ಕೆ ಒಂದು ಚಾರಿತ್ರಿಕ ಪೀಠಿಕೆ

೧

ಅಡುಗೆಯ ವಿಷಯ ಇತಿಹಾಸ ವಿಭಾಗದ ಸಂಚಿಕೆಗೆ ತಕ್ಕುದೇ ಎಂದು ವಾಚಕರಲ್ಲಿ ಕೆಲವರಾದರೂ ಶಂಕಿಸಬಹುದು. ರಾಜವಂಶಗಳ ಕಾಲನಿರ್ಣಯ, ಶಾಸನಗಳ ಪಾಠ, ಭೂಕಂದಾಯದ ಪದ್ಧತಿ ಇವೇ ಮೊದಲಾದವು ನಮಗೆ ರೂಢಿಯಾದ ವಿಷಯಗಳು. ಒಂದು ಪಾತ್ರೆಯಲ್ಲಿ ದನದ ಮಾಂಸ ಎಂಟು ಗಂಟೆಗಳ ಕಾಲ ಬೇಯುವುದನ್ನು ಕುರಿತು ಬರೆಯಹೊರಟವನು ಆ ರೂಢಿಯನ್ನು ಬಿಟ್ಟುದಕ್ಕೆ ಕಾರಣವನ್ನು ಹೇಳಬೇಕಾಗುತ್ತದೆ.

ಕಾರಣ ಇಷ್ಟೆ. ಕುಮಾರ ಪಾರ್ಕಿನಲ್ಲಿ ನನಗೆ ಪರಿಚಿತವಾದ ಒಂದು ಮನೆಯುಂಟು. ಆ ಮನೆಯ ಅಜ್ಜಿ ದಂಡಿನ ಕಡೆಯ ಆಂಗ್ಲೋ-ಇಂಡಿಯನ್ ಮನೆತನಕ್ಕೆ ಸೇರಿದವರು. ಅವರ ಮೊಮ್ಮಗಳು ಕೊಂಡುತಂದ ವಿದ್ಯುತ್ತಿನ ಸ್ಲೋ ಕುಕ್ಕರಿನಲ್ಲಿ, ಅವರು ತಮ್ಮ ತಾಯಿಯಿಂದ ಕಲಿತ 'ಪಾಟ್ ರೋಸ್ಟ್' ಎಂಬ ಪಾಕವನ್ನು ಒಂದು ಭಾನುವಾರ ಮಾಡುತ್ತಿದ್ದರು. ಹಬೆಯಾಡುತ್ತಿದ್ದ ಗಾಜಿನ ಮುಚ್ಚಳವನ್ನು ನೋಡುತ್ತ, ಇಷ್ಟು ಹೊತ್ತು ಏತಕ್ಕೆ ಎಂದು ನಾನು ಕೇಳಿದೆ. ಮಾಂಸ ಎಳೆಯದಲ್ಲ, ಈ ಊರಿನಲ್ಲಿ ಎಳೆಯ ಮಾಂಸ ತಮಗೆ ಎಂದೂ ಸಿಕ್ಕಿದ್ದಿಲ್ಲ ಎಂದು ಅವರು ಉತ್ತರವಿತ್ತರು. ಸಾಧಾರಣವಾದ ಈ ಮಾತು ಮನೆಗೆ ಬಂದ ಮೇಲೆಯೂ ನನ್ನನ್ನು ಬಿಡಲಿಲ್ಲ. ಎಳೆಯದು ಏಕೆ ಸಿಗಲಿಲ್ಲ? ಪ್ರಾಣಿ ಯಾವ ವಯಸ್ಸಿನಲ್ಲಿ ಕಟುಕನ ಕೈ ಸೇರಬೇಕೆಂಬುದನ್ನು ನಿರ್ಧರಿಸಿದವರು ಯಾರು?

ಪ್ರಕೃತ ಲೇಖನದ ವಾದವನ್ನು ಆರಂಭದಲ್ಲಿಯೇ ಸೂಚಿಸುವುದು ಯುಕ್ತ. ಕನ್ನಡನಾಡಿನಲ್ಲಿ ದನದ ಮಾಂಸವನ್ನು ಸಣ್ಣ ಉರಿಯಲ್ಲಿ ದೀರ್ಘಕಾಲ ಬೇಯಿಸುವ ಪದ್ಧತಿಗೆ ಮೂಲಕಾರಣ ರುಚಿಗಿಂತ ಹೆಚ್ಚಾಗಿ ಪ್ರಾಣಿಯ ವಯಸ್ಸು. ಆ ವಯಸ್ಸನ್ನು ಮೊದಲು ನೇಗಿಲೂ ಬಂಡಿಯೂ, ಅನಂತರ ಶಾಸನಸಭೆಯೂ ನ್ಯಾಯಾಲಯವೂ ಗೊತ್ತುಪಡಿಸುತ್ತ ಬಂದಿವೆ. ಆದುದರಿಂದ ಈ ಮಡಕೆಯನ್ನು ನಮ್ಮ ಕೃಷಿಯ, ಸಮಾಜದ, ಕಾನೂನಿನ ಚರಿತ್ರೆಗೆ ಒಂದು ಆಕರವೆಂದು ಎಣಿಸಲು ಅವಕಾಶವುಂಟು.

೨

ಮೊದಲು ಪಾಕದ ಕ್ರಮವನ್ನು ತಿಳಿಯೋಣ. ಕ್ರಮವನ್ನರಿಯದೆ ಅದರ ಕಾರಣವನ್ನು ಅರಿಯಲಾಗದು.

ಭುಜದ ಭಾಗದಿಂದ ಸುಮಾರು ಒಂದು ಕಿಲೋಗ್ರಾಂ ತೂಕದ ಇಡೀ ತುಂಡನ್ನು ಆರಿಸಿಕೊಳ್ಳುತ್ತಾರೆ. ಅದಕ್ಕೆ ಉಪ್ಪನ್ನೂ ಜಜ್ಜಿದ ಕರಿಮೆಣಸನ್ನೂ ಸವರಿ ಒಂದೆರಡು ಗಂಟೆ ಇಡುತ್ತಾರೆ. ದಪ್ಪ ತಳದ ಪಾತ್ರೆಯಲ್ಲಿ ಎಣ್ಣೆ ಕಾಯಿಸಿ, ತುಂಡಿನ ಎಲ್ಲ ಮೈಯೂ ಕಂದುಬಣ್ಣಕ್ಕೆ ತಿರುಗುವವರೆಗೆ ಜೋರು ಉರಿಯಲ್ಲಿ ಹುರಿಯುತ್ತಾರೆ. ಅದೇ ಪಾತ್ರೆಯಲ್ಲಿ ಹೆಚ್ಚಿದ ಎರಡು ಈರುಳ್ಳಿ, ಏಳೆಂಟು ಎಸಳು ಬೆಳ್ಳುಳ್ಳಿ, ಮೂರು ನಾಲ್ಕು ಒಣಮೆಣಸಿನಕಾಯಿ, ಒಂದು ತುಂಡು ಚಕ್ಕೆ, ನಾಲ್ಕು ಲವಂಗಗಳನ್ನು ಬಾಡಿಸಿ, ಒಂದು ಲೋಟ ನೀರನ್ನೂ ಒಂದು ಚಮಚ ವಿನೆಗರನ್ನೂ ಹುಯ್ದು ತಳಕ್ಕೆ ಹತ್ತಿದುದನ್ನು ಕೆರೆದು ಕದಡುತ್ತಾರೆ. ಸ್ಲೋ ಕುಕ್ಕರಿನ ಪಿಂಗಾಣಿ ಪಾತ್ರೆಯ ಅಡಿಯಲ್ಲಿ ಸೀಳಿದ ಆಲೂಗೆಡ್ಡೆ, ಕ್ಯಾರೆಟ್ಟುಗಳನ್ನು ಹರಡಿ, ಮೇಲೆ ಮಾಂಸವನ್ನಿಟ್ಟು, ಆ ರಸವನ್ನೆಲ್ಲ ಸುರಿದು ಮುಚ್ಚುತ್ತಾರೆ. ಕಡಮೆ ಶಾಖದಲ್ಲಿ ಎಂಟು ಗಂಟೆ, ಮಾಂಸ ತೀರ ಗಡಸಾಗಿದ್ದರೆ ಒಂಬತ್ತು ಹತ್ತು ಗಂಟೆ ಬೇಯಬೇಕು. ನಡುವೆ ಮುಚ್ಚಳವನ್ನು ತೆಗೆಯಲಾಗದು. ತೆಗೆದಾಗಲೆಲ್ಲ ಒಳಗಿನ ಕಾವು ಹೊರಟುಹೋಗಿ ಬೇಯುವ ಕಾಲ ಹೆಚ್ಚುತ್ತದೆ. ಎದ್ದ ಹಬೆ ಮುಚ್ಚಳಕ್ಕೆ ತಾಗಿ ಮತ್ತೆ ನೀರಾಗಿ ಕೆಳಗಿಳಿಯುವುದರಿಂದ ನೀರನ್ನು ಹೆಚ್ಚಾಗಿ ಹಾಕುವ ಆವಶ್ಯಕತೆಯಿಲ್ಲ. ಬೆಂದ ತುಂಡನ್ನು ಹೊರತೆಗೆದು ಕಾಲು ಗಂಟೆ ಆರಬಿಟ್ಟು, ಎಳೆಗಳಿಗೆ ಅಡ್ಡಲಾಗಿ ಕೊಯ್ದು, ಉಳಿದ ರಸವನ್ನು ಅರ್ಧಕ್ಕೆ ಬತ್ತಿಸಿ ಮೇಲೆ ಸುರಿದು ಬಡಿಸುತ್ತಾರೆ.

ಅಜ್ಜಿಯ ತಾಯಿಯ ಕಾಲದಲ್ಲಿ ಈ ಯಂತ್ರವಿರಲಿಲ್ಲ. ಕಬ್ಬಿಣದ ಭಾರವಾದ ಪಾತ್ರೆಯನ್ನು ಇದ್ದಲ ಒಲೆಯ ಮೇಲಿಟ್ಟು, ಮುಚ್ಚಳದ ಮೇಲೆಯೂ ಕೆಂಡಗಳನ್ನು ಹರಡಿ, ಆಗಾಗ ಸೌಟಿನಲ್ಲಿ ನೀರು ಚಿಮುಕಿಸುತ್ತ ಕಾದುಕೊಂಡಿರಬೇಕಾಗಿತ್ತು. ಕ್ರಮ ಒಂದೇ, ಕಾಯುವವರು ಮಾತ್ರ ಬೇರೆ.

ಇನ್ನು ಕಾರಣ. ದನದ ದೇಹದಲ್ಲಿ ಹೆಚ್ಚಾಗಿ ದುಡಿಯುವ ಭಾಗಗಳು ಕುತ್ತಿಗೆ, ಭುಜ ಹಾಗೂ ಕಾಲುಗಳು. ಅಲ್ಲಿನ ಸ್ನಾಯುಗಳನ್ನು ಕಟ್ಟಿ ಹಿಡಿಯುವ ಕೊಲಾಜೆನ್ ಎಂಬ ನಾರಿನ ಪದಾರ್ಥ ಹೇರಳವಾಗಿರುತ್ತದೆ. ಪ್ರಾಣಿಗೆ ವಯಸ್ಸಾದಂತೆಲ್ಲ ಈ ನಾರುಗಳು ಒಂದಕ್ಕೊಂದು ಹೆಣೆದುಕೊಂಡು ಶಾಖಕ್ಕೂ ಬಗ್ಗದಷ್ಟು ಬಲಿಯುತ್ತವೆ. ಜೋರು ಉರಿಯಲ್ಲಿ ಬೇಯಿಸಿದರೆ ಮಾಂಸದ ಎಳೆಗಳು ಸಂಕುಚಿಸಿ ರಸವನ್ನು ಕಳೆದುಕೊಂಡು ಒಣಗುತ್ತವೆ. ನಾರು ಮಾತ್ರ ಹಾಗೆಯೇ ಉಳಿಯುತ್ತದೆ. ಕುದಿಯುವ ಮಟ್ಟಕ್ಕಿಂತ ಸ್ವಲ್ಪ ಕೆಳಗಿನ ಶಾಖದಲ್ಲಿ, ತೇವದೊಡನೆ, ಹಲವು ಗಂಟೆಗಳ ಕಾಲ ಇಟ್ಟರೆ ಕೊಲಾಜೆನ್ ಕರಗಿ ಜೆಲಟಿನ್ ಆಗುತ್ತದೆ. ಗಡಸಾಗಿದ್ದ ತುಂಡು ಚಮಚಕ್ಕೆ ಬಿಡಿಸಿಕೊಳ್ಳುವಂತಾಗುವುದೂ, ರಸ ಮಂದವಾಗಿ ತುಟಿಗೆ ಅಂಟುವಂತಾಗುವುದೂ ಇದರಿಂದಲೇ. ಎಳೆಯ ಕರುವಿನ ಮಾಂಸಕ್ಕೆ ಇಷ್ಟು ಕಾಲ ಬೇಕಾಗದು. ದೀರ್ಘಪಾಕವು ದುಡಿದ, ಮುಪ್ಪಾದ ಪ್ರಾಣಿಯ ಮಾಂಸಕ್ಕೆ ತಕ್ಕ ಪಾಕ.

೩

ಈ ನಾಡಿನಲ್ಲಿ ದನವೂ ಮಡಕೆಯೂ ಒಟ್ಟಿಗೆ ಕಾಣಿಸಿಕೊಳ್ಳುವುದು ನವಶಿಲಾಯುಗದಲ್ಲಿ. ಬಳ್ಳಾರಿ, ರಾಯಚೂರು, ಸುರಪುರದ ಸೀಮೆಗಳಲ್ಲಿರುವ ಬೂದಿದಿಬ್ಬಗಳು ದನಗಳ ಸೆಗಣಿ ರಾಶಿಯಾಗಿ ಬಿದ್ದು ಸುಟ್ಟುದರಿಂದ ಉಂಟಾದವೆಂಬುದು ಎಫ್. ಆರ್. ಆಲ್ಚಿನ್ ಅವರು ೧೯೫೭ರಲ್ಲಿ ಉತ್ನೂರಿನಲ್ಲಿ ನಡೆಸಿದ ಉತ್ಖನನದಿಂದ ಸ್ಥಿರಪಟ್ಟಿತು. ಈ ವಿಷಯವಾಗಿ ಅವರ ಗ್ರಂಥ ೧೯೬೩ರಲ್ಲಿ ಪ್ರಕಟವಾಯಿತು. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಸುರಪುರ ಸೀಮೆಯ ಬೂದಿಹಾಳದಲ್ಲಿ ೧೯೯೦ರ ದಶಕದಲ್ಲಿ ಅಗೆದಾಗ, ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ಪ್ರಾಣಿಗಳನ್ನು ಕೊಯ್ದು ಹಂಚುತ್ತಿದ್ದ ನೆಲವೊಂದು ಮೂಳೆಗಳ ಸಹಿತವಾಗಿ ದೊರೆಯಿತು. ಅಲ್ಲಿನ ಮೂಳೆಗಳಲ್ಲಿ ದನದವೇ ಪ್ರಧಾನ. ಕೈಯಿಂದ ಮಾಡಿದ ಬೂದುಬಣ್ಣದ ಮಡಕೆಗಳು ಆ ಕಾಲದ ನೆಲೆಗಳಲ್ಲೆಲ್ಲ ಸಿಗುತ್ತವೆ. ಹುರುಳಿ, ಹೆಸರುಗಳನ್ನು ಬೇಯಿಸುತ್ತಿದ್ದ ಜನ ಮಾಂಸವನ್ನೂ ಮಡಕೆಯಲ್ಲಿ ಬೇಯಿಸಿರಬೇಕೆಂದು ಊಹಿಸುವುದು ಅಸಂಗತವಾಗಲಾರದು.

ಉಳುಮೆ ನೆಲೆಗೊಂಡ ಮೇಲೆ ದನದ ಸ್ಥಾನ ಬದಲಾಯಿತು. ಎತ್ತು ಬೇಸಾಯಗಾರನ ಬಂಡವಾಳವಾಯಿತು. ಬಲವಿರುವಷ್ಟು ದಿನ ಅದನ್ನು ಕೊಲ್ಲುವುದು ಬಂಡವಾಳವನ್ನೇ ತಿಂದುಹಾಕಿದಂತೆ. ಹಾಲು ಕೊಡುವ ಹಸುವಿನ ವಿಷಯವೂ ಹಾಗೆಯೇ. ಇದಕ್ಕೆ ಸೇರಿಕೊಂಡ ಧಾರ್ಮಿಕ ಭಾವನೆಯ ಬೆಳವಣಿಗೆ ದೀರ್ಘವೂ ಜಟಿಲವೂ ಆದುದು. ವೇದಕಾಲದಿಂದ ಮಧ್ಯಯುಗದವರೆಗಿನ ಸಾಹಿತ್ಯಾಧಾರಗಳನ್ನು ಡಿ. ಎನ್. ಝಾ ಅವರು ೨೦೦೧ರಲ್ಲಿ ಪ್ರಕಟವಾದ ತಮ್ಮ ವಿವಾದಿತ ಗ್ರಂಥದಲ್ಲಿ ಒಟ್ಟುಗೂಡಿಸಿದ್ದಾರೆ; ಆ ಚರ್ಚೆಯನ್ನು ಇಲ್ಲಿ ವಿಸ್ತರಿಸಲು ಅವಕಾಶವಿಲ್ಲ. ಮಧ್ಯಯುಗಕ್ಕೆ ಬರುವ ವೇಳೆಗೆ ರಾಜಾಸ್ಥಾನಗಳ ಅಡುಗೆಮನೆಯಿಂದ ದನದ ಮಾಂಸ ಸಂಪೂರ್ಣವಾಗಿ ಮರೆಯಾಗಿತ್ತು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ರಚಿಸಿದ 'ಮಾನಸೋಲ್ಲಾಸ'ದಲ್ಲಿ ಹಂದಿ, ಕುರಿ, ಜಿಂಕೆ, ಮೀನುಗಳ ಪಾಕಗಳು ವಿವರವಾಗಿ ಬಂದಿವೆ. ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು ಕನ್ನಡದಲ್ಲಿ ಬರೆದ 'ಸೂಪಶಾಸ್ತ್ರ' ಸಂಪೂರ್ಣವಾಗಿ ಶಾಕಪಾಕದ ಗ್ರಂಥ. ಅದೇ ಶತಮಾನದಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ನುನಿಜನು, ಅಲ್ಲಿನ ಅರಸರು ಬಗೆಬಗೆಯ ಮಾಂಸಗಳನ್ನು ತಿನ್ನುವರಾದರೂ ಎತ್ತು ಹಸುಗಳ ಮಾಂಸವನ್ನು ಮಾತ್ರ ಮುಟ್ಟುವುದಿಲ್ಲವೆಂದೂ ಅವುಗಳನ್ನು ಪೂಜಿಸುವರೆಂದೂ ಬರೆದಿಟ್ಟಿದ್ದಾನೆ.

ಇಲ್ಲಿ ಆಕರವಿಮರ್ಶೆಯ ಒಂದು ಪ್ರಶ್ನೆ ಏಳುತ್ತದೆ. ಈ ಮೂರೂ ಅರಮನೆಗೋ ವಿದ್ವಾಂಸರಿಗೋ ಸಮೀಪವಾದ ಆಕರಗಳು. ಊರಿನ ಹೊರಗಣ ಕೇರಿಯಲ್ಲಿ ಏನು ಬೇಯುತ್ತಿತ್ತೆಂಬುದನ್ನು ಅವು ಹೇಳುವುದಿಲ್ಲ. ಲಿಖಿತ ಪಾಕಶಾಸ್ತ್ರದ ಮೌನವನ್ನೇ ಪ್ರಮಾಣವಾಗಿ ಹಿಡಿದು ನಾಡಿನಲ್ಲಿ ಆ ಪಾಕವೇ ಇರಲಿಲ್ಲವೆಂದು ನಿರ್ಣಯಿಸುವುದು ಇತಿಹಾಸಜ್ಞನಿಗೆ ತಕ್ಕ ವಿಧಾನವಲ್ಲ. ೧೮೦೦-೦೧ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನು ೧೮೦೭ರಲ್ಲಿ ಪ್ರಕಟವಾದ ತನ್ನ ಮೂರು ಸಂಪುಟಗಳಲ್ಲಿ, ಸತ್ತ ದನಗಳ ಚರ್ಮ ಸುಲಿದು ಹದಮಾಡುತ್ತಿದ್ದ ಸಮುದಾಯಗಳು ಅವುಗಳ ಮಾಂಸವನ್ನು ಉಣ್ಣುತ್ತಿದ್ದುದನ್ನು ಗಮನಿಸಿದ್ದಾನೆ. ಸತ್ತ ಎತ್ತು ಎಂದರೆ ಬಹುಮಟ್ಟಿಗೆ ದುಡಿದು ಮುಪ್ಪಾದ ಎತ್ತು. ಅದನ್ನು ಮೆದುಗೊಳಿಸುವ ಮಾರ್ಗಗಳು ಎರಡೇ: ತೆಳ್ಳಗೆ ಸೀಳಿ ಬಿಸಿಲಿನಲ್ಲಿ ಒಣಗಿಸಿಟ್ಟು ಮುಂದೆ ನೆನಸಿ ಬೇಯಿಸುವುದು, ಇಲ್ಲವೆ ಹಸಿಯಾಗಿಯೇ ಮಡಕೆಯಲ್ಲಿಟ್ಟು ರಾತ್ರಿಯೆಲ್ಲ ಸಣ್ಣ ಉರಿಯಲ್ಲಿ ಬಿಡುವುದು.

ಈ ಆಹಾರಕ್ಕೆ ಸಮಾಜ ಕಟ್ಟಿದ ಬೆಲೆಯನ್ನು ನಾವು ಮರೆಯುವಂತಿಲ್ಲ. ಹಳ್ಳಿಯ ಸತ್ತ ದನವನ್ನು ಎತ್ತಿ ಸಾಗಿಸುವ ಕೆಲಸವನ್ನು ಕೆಲವು ಜನರಿಗೆ ಕಡ್ಡಾಯವಾಗಿ ಹೊರಿಸಿ, ಅದನ್ನು ಮಾಡಿದುದಕ್ಕಾಗಿಯೇ ಅವರನ್ನು ದೂರವಿಟ್ಟ ವ್ಯವಸ್ಥೆ ಅದು. ಡಾ. ಬಿ. ಆರ್. ಅಂಬೇಡ್ಕರ್ ಅವರು ೧೯೪೮ರಲ್ಲಿ ಅಸ್ಪೃಶ್ಯತೆಯ ಮೂಲವನ್ನು ಕುರಿತು ಬರೆದ ಗ್ರಂಥದಲ್ಲಿ, ಸತ್ತ ದನದ ಮಾಂಸವನ್ನು ತಿನ್ನುವುದಕ್ಕೂ ಅಸ್ಪೃಶ್ಯತೆಗೂ ಇರುವ ಸಂಬಂಧವನ್ನೇ ತಮ್ಮ ವಾದದ ಮುಖ್ಯ ಎಳೆಯನ್ನಾಗಿ ಮಾಡಿಕೊಂಡರು. ಅವರ ಸಿದ್ಧಾಂತದ ಕಾಲನಿರ್ಣಯವನ್ನು ಒಪ್ಪದವರೂ ಆ ಸಂಬಂಧವನ್ನು ಅಲ್ಲಗಳೆಯಲಾರರು. ನಮ್ಮ ಬೀದರಕ್ಕೆ ಹೊಂದಿಕೊಂಡ ಮರಾಠವಾಡದ ದಲಿತ ಮನೆಗಳ ಅಡುಗೆಯನ್ನು ಶಾಹು ಪಾಟೋಳೆಯವರು ೨೦೧೫ರಲ್ಲಿ ಮರಾಠಿಯಲ್ಲಿ ಗ್ರಂಥಸ್ಥಗೊಳಿಸಿದರು. ಸಾವಿರಾರು ವರ್ಷಗಳ ಪಾಕಜ್ಞಾನಕ್ಕೆ ಅಚ್ಚಿನ ಮನ್ನಣೆ ಇಷ್ಟು ತಡವಾಗಿ ದೊರೆತುದು ವಿಚಾರಾರ್ಹ.

೪

ಬೆಂಗಳೂರಿನ ಪಾಟ್ ರೋಸ್ಟಿನ ನೇರ ಪೂರ್ವಚರಿತ್ರೆ ೧೮೦೯ರಿಂದ ಆರಂಭವಾಗುತ್ತದೆ. ಶ್ರೀರಂಗಪಟ್ಟಣದ ಹವೆ ಸೈನಿಕರ ಆರೋಗ್ಯಕ್ಕೆ ಒಗ್ಗದೆ ಹೋದುದರಿಂದ ಆ ವರ್ಷ ಬ್ರಿಟಿಷರು ತಮ್ಮ ದಂಡನ್ನು ಬೆಂಗಳೂರಿಗೆ ಸಾಗಿಸಿದರು. ಹಲಸೂರಿನ ಆಸುಪಾಸಿನಲ್ಲಿ ಬೆಳೆದ ಈ ಹೊಸ ಊರಿಗೂ, ಕೋಟೆಯನ್ನು ಸುತ್ತಿದ ಹಳೆಯ ಪೇಟೆಗೂ ಆಡಳಿತ ಬೇರೆ, ಭಾಷೆ ಬೇರೆ, ಊಟವೂ ಬೇರೆ. ೧೮೮೧ರಲ್ಲಿ ಮೈಸೂರು ಸಂಸ್ಥಾನ ಒಡೆಯರ ವಂಶಕ್ಕೆ ಮರಳಿದಾಗಲೂ ಸಿವಿಲ್ ಮತ್ತು ಮಿಲಿಟರಿ ಸ್ಟೇಷನ್ ಬ್ರಿಟಿಷರ ಕೈಯಲ್ಲಿಯೇ ಉಳಿಯಿತು; ಅದು ಸಂಸ್ಥಾನಕ್ಕೆ ಹಿಂದಿರುಗಿದುದು ೧೯೪೭ರ ಜುಲೈ ತಿಂಗಳಲ್ಲಿ.

ಗೋರ ಸಿಪಾಯಿಗೆ ದಿನಕ್ಕೆ ಒಂದು ಪೌಂಡು ಮಾಂಸವನ್ನು ಸರ್ಕಾರವೇ ಪಡಿಯಾಗಿ ಕೊಡುತ್ತಿತ್ತು. ಇಂಗ್ಲೆಂಡಿನಲ್ಲಿ ಮಾಂಸಕ್ಕೆಂದೇ ಮೇಯಿಸಿ ಬೆಳೆಸಿದ ದನಗಳುಂಟು. ಮೈಸೂರು ಸೀಮೆಯಲ್ಲಿ ದನಗಳನ್ನು ಸಾಕುತ್ತಿದ್ದುದು ನೇಗಿಲಿಗೆ, ಬಂಡಿಗೆ, ಹಾಲಿಗೆ. ಟಿಪ್ಪು 'ಅಮೃತಮಹಲ್' ಎಂದು ಹೆಸರಿಟ್ಟ ಪ್ರಸಿದ್ಧ ತಳಿಯೂ ಫಿರಂಗಿಗಳನ್ನೆಳೆದು ಹೆಸರಾದುದೇ ಹೊರತು ಮಾಂಸಕ್ಕಾಗಿ ಬೆಳೆದುದಲ್ಲ. ದಂಡಿನ ಅಂಗಡಿಗೆ ಬರುತ್ತಿದ್ದುದು ಸಾಮಾನ್ಯವಾಗಿ ದುಡಿಮೆ ಮುಗಿಸಿದ ಪ್ರಾಣಿ. ವಿಲಾಯಿತಿಯ ಬೆಂಕಿಯ ಮುಂದೆ ಸುಡುವ ರೋಸ್ಟಿಗೆ ಇಂಥ ಮಾಂಸ ಒಗ್ಗುವುದಿಲ್ಲ. ಅದಲ್ಲದೆ ಇಲ್ಲಿನ ಅಡುಗೆಮನೆಗಳಲ್ಲಿದ್ದುದು ಇದ್ದಲ ಒಲೆ. ಹೀಗೆ ಮಾಂಸವೂ ಒಲೆಯೂ ಸೇರಿ, ಹೆಸರಿಗೆ ಮಾತ್ರ ರೋಸ್ಟ್ ಆದ, ವಾಸ್ತವದಲ್ಲಿ ಮುಚ್ಚಿದ ಪಾತ್ರೆಯಲ್ಲಿ ತನ್ನ ರಸದಲ್ಲಿಯೇ ಬೇಯುವ ಪಾಕವನ್ನು ರೂಢಿಗೆ ತಂದವೆಂದು ನನ್ನ ಅಭಿಪ್ರಾಯ. ಕರಿಮೆಣಸು, ಒಣಮೆಣಸಿನಕಾಯಿ, ಚಕ್ಕೆ, ಲವಂಗಗಳು ಬಾಣಸಿಗರ ಕೈಯಿಂದ ಸೇರಿದವು. ಮದರಾಸು ಅಶ್ವದಳದ ಅಧಿಕಾರಿ ಕೆನಿ-ಹರ್ಬರ್ಟ್ 'ವೈವರ್ನ್' ಎಂಬ ಕಾವ್ಯನಾಮದಿಂದ ೧೮೭೮ರಲ್ಲಿ ಮದರಾಸಿನಲ್ಲಿ ಪ್ರಕಟಿಸಿದ ಪಾಕಗ್ರಂಥದಲ್ಲಿ, ಮಾಂಸವನ್ನು ಕೊತಕೊತನೆ ಕುದಿಸದೆ ಮೆಲ್ಲನೆ ಬೇಯಿಸಬೇಕೆಂಬ ಬುದ್ಧಿವಾದ ಮೇಲಿಂದಮೇಲೆ ಬರುತ್ತದೆ.

ಈ ಪಾಕವನ್ನು ಉಳಿಸಿಕೊಂಡು ಬಂದವರು ಆಂಗ್ಲೋ-ಇಂಡಿಯನ್ನರು. ಬೆಂಗಳೂರಿನ ದಂಡು, ೧೮೮೨ರಲ್ಲಿ ಅವರಿಗಾಗಿಯೇ ನೆಲೆಗೊಂಡ ವೈಟ್‌ಫೀಲ್ಡ್, ಕೋಲಾರದ ಚಿನ್ನದ ಗಣಿ, ರೈಲ್ವೆ ವಸತಿಗಳು ಇವುಗಳೇ ಅದರ ನೆಲೆಗಳು. ಕೋಲಾರದ ಗಣಿಯಲ್ಲಿ ಬೆಳೆದು ಬೆಂಗಳೂರಿನಲ್ಲಿ ನೆಲೆಸಿದ ಬ್ರಿಜೆಟ್ ವೈಟ್-ಕುಮಾರ್ ಅವರು ಈ ಸಮುದಾಯದ ಪಾಕಗಳನ್ನು ಹಲವು ಪುಸ್ತಕಗಳಲ್ಲಿ ಸಂಗ್ರಹಿಸಿ ಉಪಕಾರ ಮಾಡಿದ್ದಾರೆ. ದಂಡಿನ ಮುಸಲ್ಮಾನರ ಅಡುಗೆಯಲ್ಲಿಯೂ ಇದೇ ತತ್ತ್ವವನ್ನು ಕಾಣಬಹುದು. ರಾತ್ರಿಯೆಲ್ಲ ಕೆಂಡದ ಮೇಲಿದ್ದು ಬೆಳಗಿನ ಜಾವ ಬಡಿಸಲ್ಪಡುವ ನಿಹಾರಿ, ಕಾಲುಗಳಿಂದ ಮಾಡುವ ಪಾಯಾ ಇವು ಕೊಲಾಜೆನನ್ನು ಕರಗಿಸುವ ವಿದ್ಯೆಯಲ್ಲದೆ ಬೇರೇನೂ ಅಲ್ಲ. ೧೯೨೭ರಲ್ಲಿ ಕಟ್ಟಲ್ಪಟ್ಟು ೧೯೩೩ರಲ್ಲಿ ಪ್ರಾರಂಭವಾದ ರಸೆಲ್ ಮಾರುಕಟ್ಟೆಯ ಸುತ್ತಲಿನ ಬೀದಿಗಳಲ್ಲಿ ಹಿಂದೂ, ಮುಸಲ್ಮಾನ, ಕ್ರೈಸ್ತ ಮನೆಗಳ ಅಗತ್ಯಗಳು ಒಂದೇ ಕಡೆ ಪೂರೈಕೆಯಾಗುತ್ತಿದ್ದವು.

೫

ಕುಮಾರ ಪಾರ್ಕು ಈ ಎರಡು ಊರುಗಳ ನಡುವಣ ಪ್ರದೇಶ. ಪಶ್ಚಿಮಕ್ಕೆ ಶೇಷಾದ್ರಿಪುರ, ಮಲ್ಲೇಶ್ವರ. ಪೂರ್ವಕ್ಕೆ ಹೈ ಗ್ರೌಂಡ್ಸ್, ಅದರಾಚೆ ದಂಡು. ೧೮೮೩ರಿಂದ ೧೯೦೧ರವರೆಗೆ ಮೈಸೂರಿನ ದಿವಾನರಾಗಿದ್ದ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಹೆಸರಿನೊಡನೆ ಬೆಸೆದುಕೊಂಡ 'ಕುಮಾರ ಕೃಪಾ' ಇಲ್ಲಿಯೇ ಇದೆ. ಬಡಾವಣೆಯ ಹೆಸರನ್ನು ಕೇಳಿದೊಡನೆ ದನದ ಮಾಂಸದ ಪ್ರಸ್ತಾಪ ಇಲ್ಲಿಗೆ ಹೊರಗಿನದೆಂದು ತೋರಬಹುದು. ಆದರೆ ದನದ ವಯಸ್ಸನ್ನು ಕಾನೂನು ಗೊತ್ತುಮಾಡಬೇಕೇ ಎಂಬ ಪ್ರಶ್ನೆಗೆ ಈ ನಾಡಿನಲ್ಲಿ ಬಂದ ಉತ್ತರಗಳಲ್ಲಿ ಬಹು ಮುಖ್ಯವಾದ ಒಂದು ಹೊರಟುದು ಇಲ್ಲಿಂದಲೇ.

೧೯೨೭ರ ಮಾರ್ಚಿಯಲ್ಲಿ ಅಸ್ವಸ್ಥರಾದ ಮಹಾತ್ಮಾ ಗಾಂಧಿಯವರು ನಂದಿ ಬೆಟ್ಟದಲ್ಲಿ ವಿಶ್ರಾಂತಿ ಪಡೆದು, ಜೂನ್ ತಿಂಗಳ ಆರಂಭದಲ್ಲಿ ಬೆಂಗಳೂರಿಗೆ ಬಂದು ಕುಮಾರ ಪಾರ್ಕಿನಲ್ಲಿ ಉಳಿದುಕೊಂಡರು. ಆ ತಿಂಗಳುಗಳ ಅವರ ಪತ್ರಗಳ ಮೇಲೆ ಕುಮಾರ ಪಾರ್ಕಿನ ವಿಳಾಸವಿದೆ. ಗೋರಕ್ಷಣೆ ಗಾಂಧಿಯವರಿಗೆ ಅತ್ಯಂತ ಪ್ರಿಯವಾದ ಕಾರ್ಯವಾಗಿದ್ದಿತು. ೧೯೨೩ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾಗಿದ್ದ ಪಶುಪಾಲನೆ ಹಾಗೂ ಹೈನುಗಾರಿಕೆಯ ಇಂಪೀರಿಯಲ್ ಸಂಸ್ಥೆಗೆ ಅವರು ಹೋಗಿ ದನಗಳ ಸಾಕಣೆಯನ್ನು ವಿದ್ಯಾರ್ಥಿಯಂತೆ ಕಲಿತರು. ಅದೇ ಸಮಯದಲ್ಲಿ ಮೈಸೂರಿನ ಗೋಸಂರಕ್ಷಣಾ ಸಮಿತಿ ಅವರ ಅಭಿಪ್ರಾಯವನ್ನು ಬೇಡಿತು. ಅವರಿತ್ತ ಉತ್ತರ ೧೯೨೭ರ ಜುಲೈ ೭ರ 'ಯಂಗ್ ಇಂಡಿಯಾ'ದಲ್ಲಿ ಪ್ರಕಟವಾಯಿತು. ಕಾನೂನಿನ ನಿಷೇಧ ಗೋರಕ್ಷಣೆಯಲ್ಲಿ ಅತ್ಯಲ್ಪವಾದ ಭಾಗವೆಂದೂ, ಯಾರ ಮೇಲೆ ಕಾನೂನು ಬೀಳುವುದೋ ಅವರಲ್ಲಿ ವಿಚಾರವಂತರಾದ ಬಹುಸಂಖ್ಯಾತರ ಸಮ್ಮತಿಯಿಲ್ಲದೆ ಅದನ್ನು ಹೇರಬಾರದೆಂದೂ, ಸಂಸ್ಥಾನವು ಮಾದರಿ ಹೈನುಶಾಲೆಗಳನ್ನೂ ಚರ್ಮ ಹದಮಾಡುವ ಶಾಲೆಗಳನ್ನೂ ನಡೆಸಿ ದನವನ್ನು ಕೊಲ್ಲುವುದೇ ನಷ್ಟವಾಗುವಂತೆ ಮಾಡಬೇಕೆಂದೂ ಅದರ ತಾತ್ಪರ್ಯ.

ಗಾಂಧಿಯವರ ನಿಲುವನ್ನು ಒಪ್ಪುವುದಾಗಲಿ ಬಿಡುವುದಾಗಲಿ ಇಲ್ಲಿ ಉದ್ದೇಶವಲ್ಲ. ಅವರು ಪ್ರಶ್ನೆಯ ತಿರುಳನ್ನು ಕಂಡರೆಂಬುದು ಗಮನಾರ್ಹ: ದುಡಿಯಲಾರದ ಮುದಿ ಎತ್ತನ್ನು ಯಾರು ಸಾಕಬೇಕು, ಯಾವ ಹಣದಿಂದ? ಬಡ ರೈತನಿಗೆ ಆ ಎತ್ತಿನ ಕೊನೆಯ ಬೆಲೆ ಹೊಸ ಎತ್ತಿನ ಮುಂಗಡ. ಅದನ್ನು ಕೊಂಡವನ ಮಡಕೆಗೆ ಅದು ಅಗ್ಗದ ಮಾಂಸ. ಭಕ್ತನಿಗೆ ಅದು ಅವಧ್ಯವಾದ ಜೀವ. ಮೂರು ದೃಷ್ಟಿಗಳೂ ಪ್ರಾಮಾಣಿಕವಾದುವು. ಮೂರೂ ಒಂದೇ ಪ್ರಾಣಿಯ ಮೇಲೆ ನೆಟ್ಟಿರುವುವು.

೬

ಮುಂದಿನ ಕಾನೂನುಗಳ ಚರಿತ್ರೆಯೆಲ್ಲ ಈ ವಯಸ್ಸಿನ ಚರ್ಚೆಯೇ. ಮೈಸೂರಿನಲ್ಲಿ ೧೯೪೮ರಲ್ಲಿ ಗೋವಧೆಯನ್ನು ತಡೆಯುವ ಕಾಯಿದೆ ಬಂದಿತು. ೧೯೫೦ರ ಸಂವಿಧಾನದ ೪೮ನೆಯ ಅನುಚ್ಛೇದ ಹಸು, ಕರು, ಹಾಲು ಕೊಡುವ ಹಾಗೂ ಭಾರವೆಳೆಯುವ ದನಗಳ ವಧೆಯನ್ನು ನಿಷೇಧಿಸುವತ್ತ ಸರ್ಕಾರಗಳು ಕ್ರಮ ಕೈಗೊಳ್ಳಬೇಕೆಂದು ನಿರ್ದೇಶಿಸಿತು. ೧೯೫೮ರಲ್ಲಿ ಮಹಮ್ಮದ್ ಹನೀಫ್ ಖುರೇಷಿ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಹಸು ಕರುಗಳ ವಧೆಯ ಪೂರ್ಣ ನಿಷೇಧ ಸಿಂಧುವೆಂದೂ, ಉಪಯೋಗ ಮೀರಿದ ಎತ್ತು ಕೋಣ ಎಮ್ಮೆಗಳ ವಿಷಯದಲ್ಲಿ ಪೂರ್ಣ ನಿಷೇಧ ಸಮಂಜಸವಲ್ಲವೆಂದೂ ತೀರ್ಮಾನಿಸಿತು. ಈ ತೀರ್ಪಿನ ಹಿನ್ನೆಲೆಯಲ್ಲಿ ಅಂದಿನ ಮೈಸೂರು ರಾಜ್ಯ ೧೯೬೪ರ ಕಾಯಿದೆಯನ್ನು ಮಾಡಿತು. ಅದರಂತೆ ಹಸುವನ್ನೂ, ಹಸುವಿನ ಕರು ಹಾಗೂ ಎಮ್ಮೆಯ ಕರುಗಳನ್ನೂ ಕೊಲ್ಲುವಂತಿರಲಿಲ್ಲ. ಹನ್ನೆರಡು ವರ್ಷ ಮೀರಿದ ಅಥವಾ ಶಾಶ್ವತವಾಗಿ ನಿರುಪಯುಕ್ತವಾದ ಎತ್ತು, ಹೋರಿ, ಎಮ್ಮೆ, ಕೋಣಗಳಿಗೆ ಪ್ರಮಾಣಪತ್ರ ಪಡೆದು ವಧೆಗೆ ಅವಕಾಶವಿತ್ತು.

ಈ ಕಾಯಿದೆಯನ್ನು ಓದಿದಾಗ ಕುಮಾರ ಪಾರ್ಕಿನ ಅಜ್ಜಿಯ ಮಾತಿನ ಅರ್ಥ ನನಗೆ ಸ್ಪಷ್ಟವಾಯಿತು. ಅರ್ಧಶತಮಾನಕ್ಕೂ ಮಿಕ್ಕು ಈ ರಾಜ್ಯದಲ್ಲಿ ಕಾನೂನುಬದ್ಧವಾಗಿ ಅಂಗಡಿಗೆ ಬರಬಹುದಾಗಿದ್ದ ಮಾಂಸ, ಬಹುತೇಕ, ಹನ್ನೆರಡು ವರ್ಷ ದಾಟಿದ ಪ್ರಾಣಿಯದು. ನೇಗಿಲು ಮೊದಲು ನಿರ್ಧರಿಸಿದ್ದುದನ್ನು ಶಾಸನಸಭೆ ಅಂಕೆಯಲ್ಲಿ ಬರೆದಿಟ್ಟಿತು. ಅಡುಗೆಯವರು ಅದಕ್ಕೆ ತಕ್ಕಂತೆ ಹೊತ್ತನ್ನು ಲೆಕ್ಕಹಾಕಿದರು.

೨೦೦೫ರಲ್ಲಿ ಗುಜರಾತಿನ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯದ ಏಳು ನ್ಯಾಯಾಧೀಶರ ಪೀಠವು, ಮುದಿ ಎತ್ತಿನ ಸೆಗಣಿ ಗೊಬ್ಬರಗಳಿಗೂ ಬೆಲೆಯಿರುವುದರಿಂದ ಅದನ್ನು ನಿರುಪಯುಕ್ತವೆನ್ನಲಾಗದೆಂದು ಬಹುಮತದಿಂದ ಹೇಳಿ, ಪೂರ್ಣ ನಿಷೇಧವನ್ನು ಎತ್ತಿಹಿಡಿಯಿತು. ಕರ್ಣಾಟಕದ ೨೦೨೦ರ ಕಾಯಿದೆ ೨೦೨೧ರಿಂದ ಜಾರಿಗೆ ಬಂದಿತು. ಹಸು, ಕರು, ಹೋರಿ, ಎತ್ತುಗಳನ್ನು ಯಾವ ವಯಸ್ಸಿನಲ್ಲಿಯೂ ಕೊಲ್ಲಬಾರದೆಂದು ಅದು ವಿಧಿಸಿತು. ಹದಿಮೂರು ವರ್ಷಕ್ಕೆ ಮೇಲ್ಪಟ್ಟ ಎಮ್ಮೆ ಕೋಣಗಳು ಮಾತ್ರ ಆ ನಿಷೇಧದ ಹೊರಗೆ ಉಳಿದವು. ಹನ್ನೆರಡು ಹದಿಮೂರಾಯಿತು, ಎತ್ತಿನ ಸ್ಥಾನದಲ್ಲಿ ಕೋಣ ಬಂದಿತು. ಆ ಭಾನುವಾರ ಕುಮಾರ ಪಾರ್ಕಿನ ಪಾತ್ರೆಯಲ್ಲಿದ್ದುದೂ ಕೋಣದ ಮಾಂಸವೇ. ಅದರ ಎಳೆ ಒರಟು, ಬಣ್ಣ ಹೆಚ್ಚು ಕಪ್ಪು, ಕೊಬ್ಬು ಕಡಮೆ. ಅಜ್ಜಿ ಮೊದಲಿಗಿಂತ ಒಂದು ಗಂಟೆ ಹೆಚ್ಚಾಗಿ ಬೇಯಿಸುತ್ತಾರಂತೆ. ರಸ ಮಾತ್ರ ತಾಯಿ ಮಾಡುತ್ತಿದ್ದುದರಂತೆ ಬರುವುದಿಲ್ಲವೆಂದು ಅವರ ಅಸಮಾಧಾನ.

೭

ಕೊನೆಯದಾಗಿ ಯಂತ್ರದ ವಿಷಯ. ಮೇಜಿನ ಮೇಲಿನ ಈ ಪಿಂಗಾಣಿ ಪಾತ್ರೆಯೂ ದೀರ್ಘವಾದ ಪರಂಪರೆಗೆ ಸೇರಿದುದೇ. ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ಫ್ರಾನ್ಸಿನ ಡೆನಿಸ್ ಪಾಪಿನ್ನನು ಮೂಳೆಗಳನ್ನು ಮೆದುಮಾಡಲೆಂದು ಆವಿಯ ಒತ್ತಡದ ಪಾತ್ರೆಯನ್ನು ನಿರ್ಮಿಸಿದನು. ನಮ್ಮ ಪ್ರೆಷರ್ ಕುಕ್ಕರ್ ಅದರ ಸಂತತಿ. ಅದು ಶಾಖವನ್ನು ಹೆಚ್ಚಿಸಿ ಕಾಲವನ್ನು ಕಡಮೆ ಮಾಡುವ ಮಾರ್ಗ. ಕಲ್ಕತ್ತೆಯ ಇಂದುಮಾಧವ ಮಲ್ಲಿಕ್ ೧೯೧೦ರಲ್ಲಿ ರೂಪಿಸಿದ 'ಇಕ್ಮಿಕ್ ಕುಕ್ಕರ್' ಇನ್ನೊಂದು ಮಾರ್ಗದ್ದು: ಒಂದರ ಮೇಲೊಂದು ಡಬ್ಬಿ, ಕೆಳಗೆ ಇದ್ದಲು, ಒಳಗೆ ಆವಿ, ಅಡುಗೆಯನ್ನಿಟ್ಟು ಕೆಲಸಕ್ಕೆ ಹೋಗಿ ಬಂದು ಉಣ್ಣಬಹುದಾಗಿತ್ತು. ಅಮೆರಿಕದ ಶಿಕಾಗೊ ನಗರದ ಇರ್ವಿಂಗ್ ನ್ಯಾಕ್ಸನ್ನನಿಗೆ ೧೯೪೦ರಲ್ಲಿ ವಿದ್ಯುತ್ತಿನ ಸ್ಲೋ ಕುಕ್ಕರಿಗೆ ಹಕ್ಕುಪತ್ರ ದೊರೆಯಿತು. ಯೆಹೂದ್ಯರು ಸಬ್ಬತ್ತಿನ ದಿನ ಬೆಂಕಿ ಹೊತ್ತಿಸಬಾರದೆಂಬ ನಿಯಮದಿಂದಾಗಿ, ಲಿಥುವೇನಿಯದ ಅವನ ಪೂರ್ವಿಕರು ಹಿಂದಿನ ಸಂಜೆಯೇ ಮಾಂಸ ಹಾಗೂ ಕಾಳಿನ ಮಡಕೆಯನ್ನು ರೊಟ್ಟಿಯ ಭಟ್ಟಿಯ ಆರುವ ಕಾವಿನಲ್ಲಿ ಇಡುತ್ತಿದ್ದರು. ಆ ಕಥೆಯೇ ಅವನಿಗೆ ಸ್ಫೂರ್ತಿಯಾಯಿತೆಂದು ಪ್ರಸಿದ್ಧಿ. ೧೯೭೧ರಲ್ಲಿ ಅದು 'ಕ್ರಾಕ್-ಪಾಟ್' ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂದಿತು. ವಿಲ್ನಾ ನಗರದ ಭಟ್ಟಿಯೂ ಶಿವಾಜಿನಗರದ ನಿಹಾರಿಯ ಹಂಡೆಯೂ ಒಂದೇ ಸಮಸ್ಯೆಗೆ ಕಂಡುಕೊಂಡ ಒಂದೇ ಪರಿಹಾರ.

೮

ಮೇಲಣ ವಿವೇಚನೆಯಿಂದ ಎರಡು ಅಂಶಗಳು ಫಲಿಸುತ್ತವೆ. ಮೊದಲನೆಯದು: ಪಾಕದ ಕಾಲಾವಧಿಯೂ ಒಂದು ಚಾರಿತ್ರಿಕ ಸಂಗತಿ. ಎಂಟು ಗಂಟೆ ಏಕೆ ಎಂದು ಕೇಳಿದರೆ ಉತ್ತರ ಪಾಕಶಾಸ್ತ್ರದಲ್ಲಿ ಮುಗಿಯದೆ ಬೇಸಾಯದ ಚರಿತ್ರೆಗೂ ೧೯೬೪ರ ಕಾಯಿದೆಗೂ ೧೯೨೭ರ ಪತ್ರಕ್ಕೂ ನಮ್ಮನ್ನು ಕೊಂಡೊಯ್ಯುತ್ತದೆ. ಎರಡನೆಯದು: ಈ ಪಾಕವನ್ನು ಬಲ್ಲವರು ಬರೆದಿಡಲಿಲ್ಲ, ಬರೆಯಬಲ್ಲವರು ಇದನ್ನು ಬಲ್ಲವರಾಗಿರಲಿಲ್ಲ. ಆದುದರಿಂದ ಕೇರಿಯ ಮನೆಗಳಲ್ಲಿ, ದಂಡಿನ ಓಣಿಗಳಲ್ಲಿ, ಗಣಿಯ ವಸತಿಗಳಲ್ಲಿ ಇನ್ನೂ ಇರುವ ಹಿರಿಯರ ಹೇಳಿಕೆಗಳೇ ನಮಗಿರುವ ಮುಖ್ಯ ಆಕರ.

ಎತ್ತಿನ ಮಾಂಸದಿಂದ ಮಾಡುತ್ತಿದ್ದ ಪಾಕ ೨೦೨೧ರಿಂದೀಚೆಗೆ ಈ ರಾಜ್ಯದಲ್ಲಿ ಕೇವಲ ನೆನಪಿನ ವಿಷಯ. ಆ ಕಾನೂನು ಸರಿಯೋ ತಪ್ಪೋ ಎಂಬುದನ್ನು ಪ್ರಜೆಗಳಾಗಿ ನಾವು ಬೇರೆ ವೇದಿಕೆಗಳಲ್ಲಿ ಚರ್ಚಿಸಬಹುದು. ಇತಿಹಾಸದ ವಿದ್ಯಾರ್ಥಿಗಳಾಗಿ ನಮ್ಮ ಕರ್ತವ್ಯ ಬೇರೆ. ನಮಗೆ ಪ್ರಿಯವಾದುದನ್ನು ಮಾತ್ರ ದಾಖಲಿಸಿ, ಮುಜುಗರವೆನಿಸಿದುದನ್ನು ಕೈಬಿಟ್ಟರೆ ಅದು ಮತ್ತೊಂದು 'ಸೂಪಶಾಸ್ತ್ರ'ವಾದೀತೇ ಹೊರತು ನಾಡಿನ ಆಹಾರದ ಚರಿತ್ರೆಯಾಗದು. ಪ್ರತಿ ಕಾಲೇಜಿನ ಇತಿಹಾಸ ಸಂಘವೂ ತನ್ನ ಊರಿನ ಹತ್ತು ಮನೆಗಳನ್ನು ಆರಿಸಿಕೊಂಡು, ಅಲ್ಲಿನ ಹಿರಿಯರಿಂದ ಒಂದೊಂದು ಪಾಕವನ್ನು, ಅದಕ್ಕೆ ಬಳಸಿದ ಪಾತ್ರೆ, ಉರುವಲು, ಹೊತ್ತು, ಮಾಂಸ ತರುತ್ತಿದ್ದ ಸ್ಥಳ, ಕೊಡುತ್ತಿದ್ದ ಬೆಲೆ ಇವುಗಳ ಸಹಿತವಾಗಿ ಬರೆದುಕೊಂಡರೆ ಕೆಲವೇ ವರ್ಷಗಳಲ್ಲಿ ಅಮೂಲ್ಯವಾದ ಸಂಗ್ರಹ ಸಿದ್ಧವಾಗುತ್ತದೆ. ಇದಕ್ಕೆ ಹೆಚ್ಚಿನ ಹಣವೇನೂ ಬೇಡ. ಆ ಹಿರಿಯರ ಅನುಮತಿಯೂ ಅವರೆದುರು ಕುಳಿತು ಕೇಳುವ ತಾಳ್ಮೆಯೂ ಇದ್ದರೆ ಸಾಕು.

ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆ ನಮ್ಮಲ್ಲಿದೆ. ಕುಮಾರ ಪಾರ್ಕಿನ ಅಜ್ಜಿಗೆ ಈಗ ಎಂಬತ್ತಾರು ವರ್ಷ. ಅವರ ತಾಯಿಯ ಕಬ್ಬಿಣದ ಪಾತ್ರೆ ಅಟ್ಟದ ಮೇಲಿದೆ. ಮುಂದಿನ ಭಾನುವಾರ ಅದನ್ನಿಳಿಸಿ ತೋರಿಸುವುದಾಗಿ ಹೇಳಿದ್ದಾರೆ. ಬರೆಯುವ ಪುಸ್ತಕವನ್ನೂ ಅಳತೆಯ ಪಟ್ಟಿಯನ್ನೂ ತೆಗೆದುಕೊಂಡು ನಾನು ಹೋಗುವವನಿದ್ದೇನೆ.